ಮಂಗಳವಾರ, ಶುಕ್ರವಾರದ ಬಸ್ಸು

ಮಾರ್ಚ್ 4, ಮಂಗಳವಾರ

ಈ ಪುಸ್ತಕ ತಂದದ್ದು ನನ್ನ ಪುರಾಣ ಬರೆಯಲು ಅಲ್ಲ. ನಾದಿನಿ ದಿನಕ್ಕೆ ಎಷ್ಟು ನೀರು ಕುಡಿಯುತ್ತಾಳೆ, ತೂಕ ಎಷ್ಟಿದೆ ಎಂದು ಬರೆದಿಡಿ ಅಂತ ಆಸ್ಪತ್ರೆಯ ನರ್ಸು ಹೇಳಿದ್ದಳು. ಎರಡು ಪುಟ ಬರೆದೆ. ಆಮೇಲೆ ನಾದಿನಿ ತಾನೇ ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಲು ಶುರು ಮಾಡಿದಳು. "ನಿಮ್ಮ ಅಕ್ಷರ ನೋಡಿದ್ರೆ ಇರೋ ರೋಗವೂ ಜಾಸ್ತಿಯಾಗತ್ತೆ ಅತ್ತಿಗೆ" ಎಂದಳು. ಇರಲಿ. ಉಳಿದ ಹಾಳೆಗಳಲ್ಲಿ ನನ್ನ ಹೊಟ್ಟೆಯುರಿ ಬರೆದುಕೊಳ್ಳುತ್ತೇನೆ. ಯಾರು ಓದಬೇಕಾಗಿದೆ!

ಇವತ್ತಿನ ಹೊಟ್ಟೆಯುರಿ ಸಣ್ಣದಲ್ಲ. ಸಂಜೆ ಬಸ್ಸಿನಿಂದ ಇಳಿಯುವಾಗ ಡ್ರೈವರ್ ನನ್ನನ್ನು ಪಕ್ಕಕ್ಕೆ ಕರೆದ. ಇವನಿಗೆ ಊರಿನವರೆಲ್ಲ ಹಾರ್ನಪ್ಪ ಎಂದೇ ಕರೆಯುವುದು. ನಾಯಿ ಅಡ್ಡ ಬಂದರೂ ಹಾರ್ನ್, ಬರದಿದ್ದರೂ ಹಾರ್ನ್.

"ಅಕ್ಕಾ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಡಿಪೋದಲ್ಲಿ ಈ ರೂಟು ತೆಗೀತಾರಂತೆ. ಮಳೆಗಾಲದ ತನಕ ನೋಡ್ತಾರೆ. ಅರ್ಧ ಬಸ್ಸಾದ್ರೂ ತುಂಬಬೇಕಂತೆ."

"ಅರ್ಧ ಬಸ್ಸು ತುಂಬೋಕೆ ಈ ಊರಲ್ಲಿ ಅರ್ಧ ಬಸ್ಸಿನ ಜನ ಇದ್ದಾರೇನಯ್ಯ?" ಎಂದೆ.

ಅವನು ತಲೆ ಕೆರೆದುಕೊಂಡ. ಪಾಪ, ಅವನೇನು ಮಾಡಿಯಾನು.

ಮೊದಲು ದಿನಾ ಎರಡು ಹೊತ್ತು ಬಸ್ಸು ಬರುತ್ತಿತ್ತು. ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜ್ ಮುಚ್ಚಿದ ಮೇಲೆ ಒಂದು ಹೊತ್ತಾಯಿತು. ಶಾಲೆ ಮುಚ್ಚಿದ ಮೇಲೆ ಮಂಗಳವಾರ, ಶುಕ್ರವಾರ ಮಾತ್ರ. ಹೊಲಗಳೇನೋ ಮೊದಲಿಗಿಂತ ಹಸಿರಾಗಿವೆ. ಆದರೆ ಒಂದು ಯಂತ್ರ ಬಂದು ಎರಡು ದಿನದಲ್ಲಿ ಇಡೀ ಬಯಲಿನ ಆಲೂಗಡ್ಡೆ ಕಿತ್ತು ಹೋಗುತ್ತದೆ. ಅದನ್ನು ಓಡಿಸುವವನು ಊರಿನಲ್ಲಿ ಒಂದು ಲೋಟ ಚಹಾ ಕೂಡ ಕುಡಿಯುವುದಿಲ್ಲ.

ನಾದಿನಿಯ ಕಿಡ್ನಿ ಎರಡೂ ಕೈ ಕೊಟ್ಟಿವೆ. ವಾರಕ್ಕೆರಡು ಸಲ ಪೇಟೆಯ ಆಸ್ಪತ್ರೆಯಲ್ಲಿ ಮಲಗಿಸಿ, ರಕ್ತವನ್ನು ಮಿಷನ್‌ಗೆ ಹರಿಸಿ ಶುದ್ಧ ಮಾಡಬೇಕು. ತಪ್ಪಿದರೆ ಮುಖ, ಕಾಲು ಊದಿಕೊಳ್ಳುತ್ತವೆ; ಇನ್ನೊಂದು ಸಲ ತಪ್ಪಿದರೆ ಏನಾಗುತ್ತದೆ ಎಂದು ಬರೆಯಲಾರೆ. ಬಸ್ಸು ನಿಂತರೆ ಅವಳು ನಿಂತ ಹಾಗೆ.

ಅವಳಿಗೆ ಹೇಳಿದೆ. "ಹೌದಾ" ಎಂದು ಬದನೆ ಸಸಿಗೆ ಮಣ್ಣು ಏರಿಸುತ್ತಾ ಕುಳಿತಳು. ಎಂಥ ಹೆಂಗಸು ಇವಳು! ಅವಳ ಅಣ್ಣನೂ ಹೀಗೇ ಇದ್ದರು. ಮನೆಗೆ ಬೆಂಕಿ ಬಿದ್ದರೂ "ಹೌದಾ" ಎನ್ನುವ ವಂಶ. ಚಡಪಡಿಸಲು ಸೊಸೆಯಾಗಿ ಬಂದ ನಾನೊಬ್ಬಳು.

ಮಾರ್ಚ್ 9, ಭಾನುವಾರ

ಎಲ್ಲರನ್ನೂ ನನ್ನ ಟೈಲರಿಂಗ್ ಅಂಗಡಿಗೆ ಕರೆಸಿದೆ. ಬರುವುದಿಲ್ಲ ಎಂದವರ ಮನೆಗೆ ನಾನೇ ಹೋದೆ. ಕ್ಷೌರದ ಅಂಗಡಿಯವನು, ಬೇಕರಿಯ ಗಂಡ ಹೆಂಡತಿ, ಮುಚ್ಚಿದ ಶಾಲೆಯ ಮೇಷ್ಟ್ರು, ಮೇಲಿನ ಬೀದಿಯ ಅಕ್ಕತಂಗಿಯರು, ಇನ್ನೂ ಕೆಲವರು. ಕೂರಲು ಜಾಗ ಸಾಲದೆ ಕಟಿಂಗ್ ಮೇಜಿನ ಮೇಲೂ ಕುಳಿತರು. ಇಷ್ಟು ಜನ ಈ ಅಂಗಡಿಗೆ ಬಂದು ಎಷ್ಟು ಕಾಲವಾಯಿತು! ಯೂನಿಫಾರ್ಮ್ ಹೊಲಿಯುವ ಕಾಲದಲ್ಲಿ ಬರುತ್ತಿದ್ದರು. ಈಗ ನನಗೆ ಬರುವುದು ಒಂದೇ ಕೆಲಸ, ವಯಸ್ಸಾದವರ ಬಟ್ಟೆಯನ್ನು ಒಳಗೆ ಹಿಡಿಯುವುದು. ಊರೂ ಕುಗ್ಗುತ್ತಿದೆ, ಜನವೂ ಕುಗ್ಗುತ್ತಿದ್ದಾರೆ.

ನೇರವಾಗಿ ಹೇಳಿದೆ. "ಮಂಗಳವಾರ ಅರ್ಧ ಜನ, ಶುಕ್ರವಾರ ಅರ್ಧ ಜನ. ಕೆಲಸ ಇರಲಿ ಬಿಡಲಿ, ಬಸ್ಸು ಹತ್ತಬೇಕು. ಪೇಟೆಗೆ ಹೋಗಬೇಕು, ಸಂಜೆ ಬರಬೇಕು."

"ಹೋಗಿ ಏನು ಮಾಡೋದು ಟೈಲರಮ್ಮ?" ಎಂದ ಕ್ಷೌರದವನು.

"ಮಣ್ಣು ತಿನ್ನು! ಇಲ್ಲಿ ಏನು ಮಾಡ್ತಿದೀಯ? ಖಾಲಿ ಕುರ್ಚಿ ತಿರುಗಿಸ್ಕೊಂಡು ಕೂತಿರ್ತೀಯ. ಅದನ್ನೇ ಅಲ್ಲಿ ಮಾಡು."

ಬೇಕರಿಯವನ ಹೆಂಡತಿ ಗಂಡನ ಮುಖ ನೋಡಿದಳು. ಮದುವೆಯಾಗಿ ಬಂದವಳು ಆ ಒಲೆಯ ಮುಂದಿನಿಂದ ಎದ್ದದ್ದೇ ಕಡಿಮೆ. "ನಾನು ಬರಲ್ಲ, ನನಗೆ ಬಸ್ಸಲ್ಲಿ ತಲೆ ಸುತ್ತತ್ತೆ" ಎಂದಳು. ಸುತ್ತಲಿ, ನನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ ಎಂದೆ.

ಹತ್ತದೆ ಉಳಿದವರು ನನ್ನ ನಾದಿನಿಯ ಕುತ್ತಿಗೆಗೆ ಕೈ ಹಾಕಿದ ಹಾಗೆ, ನೆನಪಿಟ್ಟುಕೊಳ್ಳಿ ಎಂದೂ ಹೇಳಿದೆ. ನಾದಿನಿ ಮೂಲೆಯಲ್ಲಿ ಗುಂಡಿಯ ಡಬ್ಬಿ ಹಿಡಿದುಕೊಂಡು, ಭೂಮಿ ಬಾಯಿ ಬಿಡಬಾರದೇ ಎಂಬಂತೆ ಕುಳಿತಿದ್ದಳು. ಎಲ್ಲರೂ ಒಪ್ಪಿಕೊಂಡರು. ಒಪ್ಪದೇ ಎಲ್ಲಿಗೆ ಹೋಗುತ್ತಾರೆ.

ಮಾರ್ಚ್ 11, ಮಂಗಳವಾರ

ನಕ್ಕು ನಕ್ಕು ಪಕ್ಕೆ ನೋಯುತ್ತಿದೆ.

ಎಲ್ಲರೂ ಮದುವೆಗೆ ಹೊರಟ ಹಾಗೆ ಸಿಂಗರಿಸಿಕೊಂಡು ಬಂದಿದ್ದರು. ಮೇಷ್ಟ್ರು ಕೋಟು ಹಾಕಿದ್ದರು. ಹಾರ್ನಪ್ಪ ಬಸ್ಸು ನಿಲ್ಲಿಸಿ ಕಣ್ಣುಜ್ಜಿಕೊಂಡ. ಪೇಟೆಯಲ್ಲಿ ಇಳಿದ ಮೇಲೆ ಯಾರಿಗೂ ಎಲ್ಲಿಗೆ ಹೋಗಬೇಕು ಎಂದು ಗೊತ್ತಿಲ್ಲ. ಆದ್ದರಿಂದ ಎಲ್ಲರೂ ನಮ್ಮ ಹಿಂದೆಯೇ ಆಸ್ಪತ್ರೆಗೆ ಬಂದರು! ವರಾಂಡದ ಬೆಂಚುಗಳೆಲ್ಲ ಭರ್ತಿ. ಬುತ್ತಿ ಬಿಚ್ಚಿದರು. ಕ್ಷೌರದವನು ಕಾಲು ನೀಡಿಕೊಂಡು ಗೊರಕೆ ಹೊಡೆದ. ವಾಚ್‌ಮನ್ ಬಂದು, "ಒಬ್ಬ ಪೇಷಂಟಿಗೆ ಇಷ್ಟು ಜನ ನೆಂಟರಾ?" ಎಂದ.

"ಇನ್ನೂ ಇದ್ದಾರೆ, ಅವರು ಶುಕ್ರವಾರ ಬರ್ತಾರೆ" ಎಂದರು ಮೇಷ್ಟ್ರು ಗಂಭೀರವಾಗಿ.

ಪೇಟೆ ಮಾತ್ರ ನನಗೆ ಕಂಡರಾಗದು. ಆ ಗದ್ದಲ, ಆ ಚರಂಡಿ, ಮೈಮೇಲೆ ಬಿದ್ದು ಹೋಗುವ ಜನ. ಸಂಜೆ ನಮ್ಮ ಊರಿನ ತಿರುವಿನಲ್ಲಿ ಮುಖ್ಯ ರಸ್ತೆ ಬಿಟ್ಟು ಬಸ್ಸು ಒಳಗೆ ಹೊರಳಿದಾಗ ಜೀವ ಬಂದ ಹಾಗಾಯಿತು. ಬಂದವಳೇ ಕಾಲು ತೊಳೆದು ನನ್ನ ಬಾಗಿಲಲ್ಲಿ ಕುಳಿತೆ. ನನಗೆ ಇಷ್ಟು ಸಾಕು.

ಏಪ್ರಿಲ್ 4, ಶುಕ್ರವಾರ

ಜನ ಆಸ್ಪತ್ರೆಯ ಬೆಂಚು ಬಿಟ್ಟಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಜಾಗ ಸಿಕ್ಕಿದೆ. ಮೇಷ್ಟ್ರು ಲೈಬ್ರರಿಗೆ ಹೋಗುತ್ತಾರೆ. ಕ್ಷೌರದವನು ಒಂದು ದೊಡ್ಡ ಸಲೂನಿನಲ್ಲಿ ಹೋಗಿ ಹರಟೆ ಹೊಡೆಯುತ್ತಾನೆ. ಬೇಕರಿಯವಳು ಗಾಜಿನ ಕಿಟಕಿಯ ದೊಡ್ಡ ಬೇಕರಿಯೊಂದರ ಮುಂದೆ ನಿಂತು, ಹಿಟ್ಟು ನಾದುವ ಮಿಷನ್ ನೋಡುತ್ತಾಳಂತೆ. ತಲೆ ಸುತ್ತುವುದು ನಿಂತಿದೆ.

ನನಗೆ ನಾದಿನಿ ಮಲಗಿರುವ ಅಷ್ಟೂ ಹೊತ್ತು ಕೈ ಕಟ್ಟಿ ಕೂರಲು ಆಗುವುದಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಹೊಲಿಗೆ ಅಂಗಡಿ ಇದೆ. ಮುಂದೆ ನಿಂತು ನೋಡಿದೆ. ಒಬ್ಬಳು ಶರಟಿನ ಕಾಲರ್ ಕೂರಿಸುತ್ತಿದ್ದಳು, ಅದು ಒಂದು ಕಡೆ ಎದ್ದು ಒಂದು ಕಡೆ ಮಲಗಿತ್ತು. ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಾಗಲಿಲ್ಲ.

"ಏನಮ್ಮಾ, ಆ ಶರಟು ಹಾಕೊಂಡೋನು ಕುತ್ತಿಗೆ ಸೊಟ್ಟ ಮಾಡ್ಕೊಂಡೇ ಓಡಾಡಬೇಕಾ?"

ಅಂಗಡಿಯಾಕೆ ಒಳಗಿನಿಂದ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಕುರ್ಚಿ ಎಳೆದು, "ಕೂತ್ಕೊಂಡು ಸರಿ ಮಾಡಿ ತೋರಿಸಿ, ನೋಡೋಣ" ಎಂದಳು. ತೋರಿಸಿದೆ. ಬೇರೇನಿಲ್ಲ, ಹೊತ್ತು ಹೋಯಿತು.

ಏಪ್ರಿಲ್ 15, ಮಂಗಳವಾರ

ಡಿಪೋದ ಸಾಹೇಬರು ಚೆಕಿಂಗಿಗೆ ಬಂದಿದ್ದರು. ಮುಂದಿನ ಊರುಗಳವರೂ ಸೇರಿ ಬಸ್ಸು ತುಂಬಿ ತುಳುಕುತ್ತಿತ್ತು. ಅವರಿಗೇ ಸೀಟು ಸಿಗಲಿಲ್ಲ! ಹಾರ್ನಪ್ಪ ಮೀಸೆಯಡಿಯಲ್ಲಿ ನಗುತ್ತಿದ್ದ.

ಸಂಜೆ ನಾದಿನಿ ನನಗೆ ಚಹಾ ಮಾಡಿಕೊಟ್ಟಳು. ತನಗೆ ಒಂದು ಗುಟುಕು ಮಾತ್ರ ಸುರಿದುಕೊಂಡಳು. "ನನ್ನೊಬ್ಬಳಿಗೋಸ್ಕರ ಇಡೀ ಊರನ್ನ ಬಸ್ ಹತ್ತಿಸಿಬಿಟ್ರಲ್ಲ ಅತ್ತಿಗೆ" ಎಂದಳು.

"ಹತ್ತಿಸ್ದೆ. ಏನೀಗ?"

ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು. ಸಿಟ್ಟು ಬಂದಂತೆ ಮಾಡಿ ಎದ್ದು ಹೋದೆ.

ಮೇ 13, ಮಂಗಳವಾರ

ಕ್ಷೌರದವನಿಗೆ ಆ ಸಲೂನಿನಲ್ಲಿ ಮಂಗಳವಾರ, ಶುಕ್ರವಾರ ಒಂದು ಕುರ್ಚಿ ಕೊಟ್ಟಿದ್ದಾರಂತೆ. ಹಲ್ಲು ಕಿರಿಯುತ್ತಾ ಬಂದು ಹೇಳಿದ. "ಒಂದೇ ದಿನದಲ್ಲಿ ಇಲ್ಲಿನ ಒಂದು ತಿಂಗಳ ತಲೆಗಳು ಟೈಲರಮ್ಮ! ಕೈ ನೋಯ್ತಿದೆ!"

"ನೋಯಲಿ, ಒಳ್ಳೆಯದೇ. ಊರಿನ ತಲೆ ಯಾರು ನೋಡ್ತಾರೆ?"

"ಊರಲ್ಲಿ ಕೂದಲಿರೋ ತಲೆ ಎಷ್ಟಿವೆ ಹೇಳಿ?"

ಮಾತು ನಿಜವೇ. ಆದರೂ ಬೈದೆ.

ನನ್ನದು ಹಾಗಲ್ಲ. ನಾನು ಅಂಗಡಿಯಾಕೆಯ ಹತ್ತಿರ ಹೋಗುವುದು ನಾದಿನಿ ಮಲಗಿರುವ ಹೊತ್ತಿನಲ್ಲಿ ಮಾತ್ರ. ಸುಮ್ಮನೆ ಕುಳಿತು ಸೊಳ್ಳೆ ಹೊಡೆಯುವ ಬದಲು ಗುಂಡಿಗಳಿಗೆ ನಾಲ್ಕು ಕಾಜಾ ಹಾಕಿಕೊಡುತ್ತೇನೆ. ಅಲ್ಲಿ ಹೊಸ ಬಟ್ಟೆ ಹೊಲಿಯುತ್ತಾರೆ. ಮಕ್ಕಳ ಫ್ರಾಕು, ಹುಡುಗಿಯರ ಕುಪ್ಪಸ. ಹೊಸ ಬಟ್ಟೆಗೆ ಕತ್ತರಿ ಹಾಕುವಾಗಿನ ಸದ್ದು ಮರೆತೇಹೋಗಿತ್ತು.

ಜೂನ್ 6, ಶುಕ್ರವಾರ

ಕ್ಷೌರದವನು ಗಂಟುಮೂಟೆ ಕಟ್ಟಿದ. ಕನ್ನಡಿ, ತಿರುಗುವ ಕುರ್ಚಿ, ಹೆಂಡತಿ, ಎಲ್ಲವನ್ನೂ ಅದೇ ಬಸ್ಸಿಗೆ ಹೇರಿಕೊಂಡು ಹೋದ. ನಾನು ಮಾತನಾಡಿಸಲಿಲ್ಲ. ನಾದಿನಿಯ ಕೈಗೆ ಮನೆಯ ಬೀಗದ ಕೈ ಕೊಟ್ಟು, "ಹಿತ್ತಲಿನ ನಿಂಬೆ ಗಿಡಕ್ಕೆ ನೀರು ಹಾಕಮ್ಮ" ಎಂದ. ಇವಳು ಹೂಂ ಎಂದಳು. ತಾನು ಅಳತೆ ಮಾಡಿ ಎರಡು ಲೋಟ ನೀರು ಕುಡಿಯುವವಳು, ಊರಿನ ಗಿಡಗಳಿಗೆ ಕೊಡಗಟ್ಟಲೆ ಹೊರುತ್ತಾಳೆ.

ಜೂನ್ 24, ಮಂಗಳವಾರ

ಮೇಲಿನ ಬೀದಿಯ ಅಕ್ಕತಂಗಿಯರು ಪೇಟೆಯಲ್ಲಿ ಯಾರದೋ ಮನೆಯ ಮಗು ನೋಡಿಕೊಳ್ಳಲು ಒಪ್ಪಿಕೊಂಡರಂತೆ. ಮಗು ಸಿಕ್ಕಿತು ಎಂದು ಇಬ್ಬರೂ ಕುಣಿಯುತ್ತಿದ್ದರು. ನಾಚಿಕೆಯಿಲ್ಲ.

ಜುಲೈ 8, ಮಂಗಳವಾರ

ಇವತ್ತು ಬಸ್ ಸ್ಟಾಪಿನಲ್ಲಿ ಎಲ್ಲರ ಮುಂದೆ ಜಗಳವಾಯಿತು. ಬೇಕರಿಯ ಗಂಡ ಹೆಂಡತಿ ಹೊರಟರು. ಗಾಜಿನ ಕಿಟಕಿಯ ಆ ದೊಡ್ಡ ಬೇಕರಿಯಲ್ಲಿ ಇಬ್ಬರಿಗೂ ಕೆಲಸ, ಹಿಂದೆಯೇ ಒಂದು ಮನೆ. ನನಗೆ ತಡೆಯಲಾಗಲಿಲ್ಲ. "ಹೋಗ್ರಮ್ಮಾ ಹೋಗಿ. ಒಂದು ಜೀವ ಉಳಿಸೋಕೆ ಅಂತ ಕೈ ಜೋಡಿಸ್ದೋರು, ಈಗ ಕೈ ಕೊಟ್ಟು ಹೋಗ್ತಿದೀರ" ಎಂದೆ.

ಆಕೆ ಎಂದೂ ದನಿ ಎತ್ತಿದವಳಲ್ಲ. ಇವತ್ತು ಎತ್ತಿದಳು.

"ನನ್ನ ಕೈ ಹಿಡಿದು ಬಸ್ ಹತ್ತಿಸಿದ್ದು ನೀವೇ ತಾನೇ ಟೈಲರಮ್ಮ? ಮದುವೆಯಾದ ಮೇಲೆ ನಾನು ಪೇಟೆ ನೋಡಿದ್ದೇ ಆವತ್ತು. ಹತ್ತಿಸದೇ ಇದ್ದಿದ್ರೆ ಇಲ್ಲೇ ಒಲೆ ಮುಂದೆ ಸಾಯ್ತಿದ್ದೆ, ನನಗೇನೂ ಗೊತ್ತಾಗ್ತಿರಲಿಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ನಾದಿನಿ ನನ್ನ ಸೆರಗು ಎಳೆದು ಬಸ್ಸಿನೊಳಗೆ ಕೂರಿಸಿದಳು. ಆ ಹೆಂಗಸು ಹಾಗೇಕೆ ಅಂದಳು? ಉಪಕಾರ ಮಾಡಿದ್ದಕ್ಕೆ ಬೈದಳೇ, ಬೈಯುವ ಹಾಗೆ ಉಪಕಾರ ಹೇಳಿದಳೇ, ಒಂದೂ ಗೊತ್ತಾಗಲಿಲ್ಲ. ಇಡೀ ದಿನ ತಲೆ ಕೆಟ್ಟು, ಒಬ್ಬರ ಕುಪ್ಪಸಕ್ಕೆ ಎಡಗೈ ತೋಳನ್ನು ಬಲಗೈಗೆ ಕೂರಿಸಿದೆ. ಅಂಗಡಿಯಾಕೆ ನಕ್ಕು ತಾನೇ ಬಿಚ್ಚಿಕೊಟ್ಟಳು. ಒಳ್ಳೆಯ ಹೆಂಗಸು.

ಜುಲೈ 20, ಭಾನುವಾರ

ಬೀದಿಯಲ್ಲಿ ಬೆಳಗಿನ ಬ್ರೆಡ್ಡಿನ ವಾಸನೆ ಇಲ್ಲ. ಈಗ ಬ್ರೆಡ್ಡು ಪೇಟೆಯಿಂದ ಬಸ್ಸಿನಲ್ಲಿ ಬರುತ್ತದೆ. ಅವರೇ ಮಾಡಿ ಕಳಿಸುವುದು, ರುಚಿ ಅದಲ್ಲ.

ನಾದಿನಿಯ ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಬೇಕರಿಯವರ ಹಿತ್ತಲಿನಲ್ಲಿ ಟೊಮೆಟೊ ಹಾಕಿದ್ದಾಳೆ. ಕ್ಷೌರದವನ ಜಗಲಿಯ ಮೇಲೆ ಈರುಳ್ಳಿ ಒಣಗಿಸಿದ್ದಾಳೆ. "ನೀನೀಗ ಊರಿನ ಜಮೀನ್ದಾರಿಣಿ" ಎಂದು ಚುಡಾಯಿಸಿದೆ. "ನೀವು ಗೇಣಿ ಕೊಡ್ತೀರಾ?" ಎಂದಳು. ಇವಳಿಗೆ ಈ ಖಾಲಿ ಬೀದಿಯಲ್ಲಿ ಓಡಾಡುವುದು ಬೇಸರವೇ ಇಲ್ಲ. ಬಿಸಿಲಿನಲ್ಲಿ ಬಗ್ಗಿ ಸಸಿ ನೆಡುವಾಗ ರೋಗಿಯಂತೆ ಕಾಣುವುದೇ ಇಲ್ಲ.

ನನಗೆ ಮಾತ್ರ ಭಾನುವಾರ ಉದ್ದ. ಮಂಗಳವಾರ ಯಾವಾಗ ಬರುತ್ತದೋ ಅನಿಸುತ್ತದೆ.

ಆಗಸ್ಟ್ 12, ಮಂಗಳವಾರ

ಗೆದ್ದೆವು! ರೂಟು ತೆಗೆಯುವುದಿಲ್ಲ. ತೆಗೆಯುವುದಿರಲಿ, ಮುಂದಿನ ವಾರದಿಂದ ದಿನಾ ಬಸ್ಸು! ಹಾರ್ನಪ್ಪ ಊರಿನ ತಿರುವಿನಿಂದಲೇ ಹಾರ್ನ್ ಒತ್ತುತ್ತಾ ಬಂದ. ಕುಣಿಯಬೇಕು ಅನಿಸಿತು. ಯಾರ ಜೊತೆ ಕುಣಿಯುವುದು? ಸ್ಟಾಪಿನಲ್ಲಿ ಇದ್ದದ್ದು ನಾನು, ನಾದಿನಿ, ಮೇಷ್ಟ್ರು.

"ಅಲ್ಲಯ್ಯಾ, ನಮ್ಮೂರಿಂದ ಈಗ ಹತ್ತೋದು ನಾವು ಮೂವರು. ದಿನಾ ಬಸ್ಸು ಯಾರು ಕೊಟ್ರು?" ಎಂದು ಕೇಳಿದೆ.

"ಹೋಗುವಾಗ ನೀವೇ ನೋಡ್ತೀರಲ್ಲ ಅಕ್ಕಾ. ಮೂಟೆ, ಮಂಚ, ಜನ. ಮುಂದಿನ ಊರುಗಳಲ್ಲೂ ಹಾಗೇ ಹತ್ತುತ್ತಾರೆ. ಡಿಪೋದವರು ಹೋಗುವಾಗ ಎಣಿಸ್ತಾರೆ. ವಾಪಸ್ ಬರುವಾಗ ಯಾರೂ ಎಣಿಸಲ್ಲ."

ಇರಲಿ. ಹೇಗಾದರೂ ಬಸ್ಸು ಉಳಿಯಿತಲ್ಲ. ದಿನಾ ಬಸ್ಸು ಇದ್ದರೆ ಬುಧವಾರ, ಗುರುವಾರವೂ ಬನ್ನಿ ಎಂದು ಅಂಗಡಿಯಾಕೆ ಹೇಳಿದ್ದಾಳೆ. ಆರ್ಡರ್ ಜಾಸ್ತಿ ಇದೆ. ನೋಡೋಣ ಎಂದಿದ್ದೇನೆ.

ಸೆಪ್ಟೆಂಬರ್ 5, ಶುಕ್ರವಾರ

ಮಳೆಗೆ ಸೇತುವೆಯ ಮೇಲೆ ನೀರು. ಸಂಜೆ ಬಸ್ಸು ಹೊರಡಲಿಲ್ಲ. ಅಂಗಡಿಯಾಕೆ ಮಹಡಿಯ ಮೇಲಿನ ರೂಮು ತೆಗೆದುಕೊಟ್ಟಳು. ಒಂದು ಕಿಟಕಿ, ಎರಡು ಚಾಪೆ, ಕಿಟಕಿಯಿಂದ ನೋಡಿದರೆ ಆಸ್ಪತ್ರೆಯ ಗೇಟು ಕಾಣುತ್ತದೆ. ಒಂದು ಕೂಗಿನಷ್ಟು ದೂರ.

ನಾದಿನಿ ಇಡೀ ರಾತ್ರಿ ಹೊರಳಾಡಿದಳು. "ಸದ್ದು" ಎಂದಳು. ನನಗೆ ಕಣ್ಣು ಮುಚ್ಚಿದ್ದು ಗೊತ್ತು, ಬೆಳಗಾದದ್ದು ಗೊತ್ತು. ಯಾವ ಸದ್ದೋ ಏನೋ.

ಸೆಪ್ಟೆಂಬರ್ 16, ಮಂಗಳವಾರ

ಮಹಡಿಯ ರೂಮನ್ನು ಹಿಡಿದಿದ್ದೇನೆ. ಮಳೆಗಾಲಕ್ಕೆ ಮಾತ್ರ. ಇವಳಿಗೇ ಅನುಕೂಲ ಎಂದು ಹಿಡಿದದ್ದು. ಹೇಳಿದರೆ ಮುಖ ಊದಿಸಿಕೊಂಡು ಕುಳಿತಳು. ಬಹಳ ವರ್ಷಗಳ ಮೇಲೆ ನಾವಿಬ್ಬರೂ ಜೋರಾಗಿ ಮಾತನಾಡಿದೆವು.

"ನಾನು ಬರಲ್ಲ ಅತ್ತಿಗೆ."

"ಯಾಕೆ ಬರಲ್ಲ? ಅಲ್ಲಿ ನೆಲದಲ್ಲಿ ಮುಳ್ಳಿದೆಯಾ? ಆಸ್ಪತ್ರೆ ಪಕ್ಕದಲ್ಲೇ ಇದೆ. ಬಸ್ಸು ಬಂತಾ, ಮಳೆ ಬಂತಾ, ಯಾವ ತಾಪತ್ರಯವೂ ಇಲ್ಲ."

"ಬಸ್ ಉಳಿಸಿದ್ದು ಯಾಕೆ? ನಾನು ಇಲ್ಲಿರೋಕೆ ತಾನೇ?"

"ನೀನು ಬದುಕಿರೋಕೆ!"

"ಎರಡೂ ನನಗೆ ಒಂದೇ" ಎಂದಳು. "ವಾರದಲ್ಲಿ ಎರಡು ದಿನ ಮಿಷನ್‌ಗೆ ಕೊಡ್ತೀನಿ. ಉಳಿದ ದಿನ ನನ್ನದು. ಆ ರೂಮಲ್ಲಿ ಕೂತು ಆಸ್ಪತ್ರೆ ಗೇಟು ನೋಡ್ತಾ ಇದ್ರೆ ಎಲ್ಲ ದಿನವೂ ಅದಕ್ಕೇ ಕೊಟ್ಟ ಹಾಗೆ."

ಹಟಮಾರಿ. ಇಷ್ಟೆಲ್ಲ ಯಾರಿಗಾಗಿ ಮಾಡುತ್ತಿದ್ದೇನೆ ನಾನು? ಕಟ್ಟಿಕೊಂಡವರ ತಂಗಿ ಎಂದು ಹೊಟ್ಟೆಯಲ್ಲಿ ಹುಟ್ಟಿದವಳಿಗಿಂತ ಹೆಚ್ಚಾಗಿ ನೋಡಿಕೊಂಡೆ. ಹೇಳಿದ್ದು ಕೇಳುವುದಿಲ್ಲ.

ಅಕ್ಟೋಬರ್ 1, ಬುಧವಾರ

ಆರ್ಡರ್ ಮುಗಿಯುವ ತನಕ ರೂಮಿನಲ್ಲೇ ಉಳಿಯುತ್ತಿದ್ದೇನೆ. ಮದುವೆಯ ಬಟ್ಟೆಗಳು, ತಪ್ಪಿಸುವ ಹಾಗಿಲ್ಲ. ಮಂಗಳವಾರ, ಶುಕ್ರವಾರ ನಾದಿನಿ ಬೆಳಗಿನ ಬಸ್ಸಿಗೆ ಬರುತ್ತಾಳೆ. ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಬಂದು ಮಲಗಿಸಿ, ಅಂಗಡಿಗೆ ಓಡುತ್ತೇನೆ. ಸಂಜೆ ಬಸ್ಸಿಗೆ ಹತ್ತಿಸುತ್ತೇನೆ. ಹಾರ್ನಪ್ಪ ಅವಳನ್ನು ಬಾಗಿಲ ಹತ್ತಿರದ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ, ಮನೆಯ ಮುಂದೆಯೇ ಇಳಿಸುತ್ತಾನೆ. ಏನೂ ತೊಂದರೆಯಿಲ್ಲ.

ನಿನ್ನೆ ಒಂದು ಚೀಲ ಟೊಮೆಟೊ ತಂದುಕೊಟ್ಟಳು. ಅಂಗಡಿಯ ಹುಡುಗಿಯರು ಮುಗಿಬಿದ್ದರು. "ನಿಮ್ಮ ನಾದಿನಿ ಹಳ್ಳಿಯವರಾ?" ಎಂದು ಒಬ್ಬಳು ಕೇಳಿದಳು. ಹೂಂ, ಹಳ್ಳಿಯವಳು ಎಂದೆ.

ಅಕ್ಟೋಬರ್ 26, ಭಾನುವಾರ

ಬೆಳಗಿನ ಬಸ್ಸಿಗೆ ಊರಿಗೆ ಹೋಗಿದ್ದೆ. ಹೊಲಿಗೆ ಮಿಷನ್ ತರಬೇಕಿತ್ತು, ಇಲ್ಲಿಯದು ನನ್ನ ಕಾಲಿಗೆ ಹೊಂದುತ್ತಿಲ್ಲ. ನನ್ನ ಅಂಗಡಿಯಲ್ಲಿ ಧೂಳು. ಮೇಷ್ಟ್ರನ್ನು ಮಾತನಾಡಿಸಿದೆ, ಮಂಡಿ ನೋವಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಲೈಬ್ರರಿ ಬಿಟ್ಟಿದ್ದಾರೆ. ಉಳಿದವರೂ ಅಂಥವರೇ.

ಬೀದಿ ಎಷ್ಟು ಸಣ್ಣದು! ನಾದಿನಿ ಊಟ ಬಡಿಸಿದಳು. ತಟ್ಟೆ ಎಲ್ಲಿಟ್ಟಿದ್ದೀಯ ಎಂದು ಕೇಳಿದ್ದಕ್ಕೆ, "ಯಾವಾಗ್ಲೂ ಇಡೋ ಕಡೆ" ಎಂದಳು. ಊಟವಾದ ಮೇಲೆ ಏನು ಮಾಡುವುದೆಂದು ತೋಚಲಿಲ್ಲ. ಸಂಜೆಯ ಬಸ್ಸಿಗೆ ಮಿಷನ್ ಹೇರಿಕೊಂಡು ಮನೆಗೆ ಬಂದೆ. ಸುಸ್ತಾಯಿತು.

ನವೆಂಬರ್ 21, ಶುಕ್ರವಾರ

ಡಿಪೋದವರ ಮನೆ ಹಾಳಾಗ!

ಹಾರ್ನಪ್ಪ ಸ್ಟ್ಯಾಂಡಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದ. ಮುಂದಿನ ತಿಂಗಳಿಂದ ಬಸ್ಸು ನೇರವಾಗಿ ಮುಖ್ಯ ರಸ್ತೆಯಲ್ಲೇ ಹೋಗುತ್ತದಂತೆ. ನಮ್ಮ ಊರಿನ ತಿರುವಿನಲ್ಲಿ ಒಳಗೆ ಬರುವುದಿಲ್ಲ. ತಿರುವಿನಿಂದ ಊರಿಗೆ ಗಟ್ಟಿ ಇರುವವರೇ ನಡೆದರೆ ಒಂದು ಗಂಟೆ ಬೇಕು. ಆಸ್ಪತ್ರೆಯಿಂದ ಬಂದು ಇಳಿದವಳು ಹೇಗೆ ನಡೆಯುತ್ತಾಳೆ? ಮಿಷನ್‌ನಿಂದ ಎದ್ದ ಮೇಲೆ ಅವಳಿಗೆ ಕಾಲಲ್ಲಿ ಜೀವವೇ ಇರುವುದಿಲ್ಲ.

"ಯಾಕಂತೆ? ದಿನಾ ಬಸ್ಸು ಅಂತ ಕುಣಿದರಲ್ಲ!"

"ಒಳಗೆ ಹೋಗಿ ಬರೋದು ಒಬ್ಬರಿಗೋಸ್ಕರ ಆಗ್ತಿದೆ ಅಕ್ಕಾ. ನಿಮ್ಮ ನಾದಿನಿ ಒಬ್ಬರೇ ಹತ್ತೋದು, ಒಬ್ಬರೇ ಇಳಿಯೋದು. ಖಾಯಂ ಇಬ್ಬರು ಇದ್ದಿದ್ರೂ ಸಾಹೇಬರ ಹತ್ರ ನಾನು ಜಗಳ ಆಡ್ತಿದ್ದೆ. ಒಬ್ಬರು ಅಂದ್ರೆ ಬಾಯಿ ಬರಲ್ಲ."

ಮೈಯೆಲ್ಲ ಉರಿದುಹೋಯಿತು. "ಅಷ್ಟು ಮನೆ ಇವೆ, ಅಷ್ಟು ಬೀದಿ ಇವೆ. ಆ ಊರಲ್ಲಿ ಇನ್ನೊಬ್ಬರು ಹತ್ತೋಕೆ ಆಗಲ್ವಂತಾ? ಇನ್ನೊಬ್ಬರು! ಒಬ್ಬರು ಸಾಕು ಅಂತಿದೀಯ! ಅಷ್ಟೂ ದಯೆ ಇಲ್ವಾ ಜನಕ್ಕೆ?"

ಹಾರ್ನಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಟೈಮಾಯಿತು ಎಂದು ಹೊರಟ.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಸಿಟ್ಟು ಇಳಿದ ಮೇಲೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು. ಇನ್ನು ಅವಳಿಗೆ ಬೇರೆ ದಾರಿ ಇಲ್ಲ, ರೂಮಿಗೆ ಬರಲೇಬೇಕು. ಅವಳಿಗೆಂದು ಒಂದು ಮಂಚ ನೋಡಿಟ್ಟಿದ್ದೇನೆ.

ನವೆಂಬರ್ 25, ಮಂಗಳವಾರ

ವಿಷಯ ಅವಳಿಗೆ ಹಾರ್ನಪ್ಪನೇ ಹೇಳಿದ್ದನಂತೆ. ನನಗಿಂತ ಮೊದಲೇ ಗೊತ್ತಿತ್ತು. ನನಗೆ ಹೇಳಿರಲಿಲ್ಲ.

ಮಿಷನ್‌ನಿಂದ ಎದ್ದ ಮೇಲೆ ವರಾಂಡದಲ್ಲಿ ಕೂರಿಸಿ ಮಂಚದ ವಿಷಯ ಹೇಳಿದೆ. ಕಿಟಕಿಯಲ್ಲಿ ಕುಂಡ ಇಟ್ಟುಕೊಂಡು ಸಸಿ ಹಾಕಬಹುದು ಎಂದೆ. ಎಲ್ಲವನ್ನೂ ಕೇಳಿದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. "ನನ್ನನ್ನ ಕರ್ಕೊಂಡು ಹೋಗೋಕೆ ಬಸ್ಸು ಊರೊಳಗೆ ಬರೋದು ಇನ್ನು ಒಂದೇ ಸಲ ಅತ್ತಿಗೆ, ಈ ಶುಕ್ರವಾರ" ಎಂದಳು. ಆಮೇಲೆ, "ಆವತ್ತು ನೀವೂ ನಮ್ಮ ಸ್ಟಾಪಿಂದ ಹತ್ತಿದ್ರೆ, ಇಬ್ಬರಾಗ್ತಿದ್ವಿ. ಹಾರ್ನಪ್ಪ ಸಾಹೇಬರ ಹತ್ರ ಮಾತಾಡ್ತಾನೆ" ಎಂದಳು.

"ಶುಕ್ರವಾರ ನನಗೆ ಮದುವೆ ಬಟ್ಟೆ ಕೊಡೋದಿದೆ ಕಣೇ. ಮೊದಲೇ ಹೇಳಿದ್ರೆ ನೋಡಬಹುದಿತ್ತು" ಎಂದೆ.

"ಹೌದಾ" ಎಂದಳು.

ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಅವಳ ಕೈ ತಣ್ಣಗಿತ್ತು, ಉಗುರಿನ ಸಂದಿಯಲ್ಲಿ ಮಣ್ಣಿತ್ತು. "ಬರ್ತೀನಿ ಅತ್ತಿಗೆ" ಎಂದಳು.

"ಹೋಗಿ ಬಾ" ಎಂದೆ.

ಅವಳು ಮೆಟ್ಟಿಲ ಮೇಲೆಯೇ ನಿಂತಳು. ತಿರುಗಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನೆಂಟರನ್ನ ಕಳಿಸಿದ ಹಾಗೆ ಕಳಿಸ್ತೀರಲ್ಲ ಅತ್ತಿಗೆ. ನಾನು ನಮ್ಮನೆಗೆ ಹೋಗ್ತಿರೋದು. ಬರಬೇಕಾದೋರು ನೀವು."

ಹಿಂದಿನವರು ದಾರಿ ಬಿಡಿ ಎಂದು ಕೂಗಿದರು. ಅವಳು ಒಳಗೆ ಹೋಗಿ ಕುಳಿತಳು. ಬಸ್ಸು ಹೊರಟಿತು. ಕಿಟಕಿಯಿಂದ ಕೈ ಬೀಸುತ್ತಾಳೇನೋ ಎಂದು ಅದು ತಿರುಗಿ ಕಣ್ಮರೆಯಾಗುವ ತನಕ ನಿಂತಿದ್ದೆ. ಅಂಗಡಿಗೆ ಬಂದು ಮಿಷನ್ ಮುಂದೆ ಕುಳಿತೆ. ಹೊಲಿಗೆ ಸೊಟ್ಟವಾಯಿತು. ಬಿಚ್ಚಿದೆ. ಮತ್ತೆ ಹಾಕಿದೆ, ಮತ್ತೆ ಸೊಟ್ಟವಾಯಿತು. ಅಂಗಡಿಯಾಕೆ ಬಂದು, "ಯಾಕೆ ಅಳ್ತಿದೀರ?" ಎಂದಾಗಲೇ ನನಗೆ ಗೊತ್ತಾಗಿದ್ದು.

"ಹೋಗಿ ಬಾ" ಎಂದದ್ದು ಯೋಚನೆ ಮಾಡಿ ಹೇಳಿದ ಮಾತಲ್ಲ. ಬಾಯಿಗೆ ತಾನಾಗಿಯೇ ಬಂತು.